737-800 ಬೀಟಾ ಟೆಸ್ಟಿಂಗ್: “ನಮ್ಮಲ್ಲಿ ಹಾಗೆ ಆಗ್ತಿಲ್ಲ” ಅಂತ ರಿಪೋರ್ಟ್ ವಾಪಸ್ ಬಂದ್ರೆ ಏನು ಮಾಡೋದು?

ಫ್ಲಾಪ್ಸ್_ಹದಿನೈದು
ಎಲ್ಲರಿಗೂ ನಮಸ್ಕಾರ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ಗೆ ಬರ್ತಿರೋ ಒಂದು 737-800 ಆಡ್‌ಆನ್‌ನ (ಸಿಮ್ಯುಲೇಟರಿಗೆ ಬೇರೆಯಾಗಿ ಸೇರಿಸೋ ವಿಮಾನ) ಕ್ಲೋಸ್ಡ್ ಬೀಟಾ, ಅಂದ್ರೆ ಬಿಡುಗಡೆಗೆ ಮುಂಚೆ ಆಯ್ದ ಕೆಲವರಿಂದ ಪರೀಕ್ಷೆ, ನಡೀತಿದೆ. ತಯಾರಕರ ಹೆಸರು ಕೇಳ್ಬೇಡಿ, ಕರಾರಿಗೆ ಸಹಿ ಬಿದ್ದಿದೆ. ಗುಂಪಲ್ಲಿ ಕನ್ನಡದವರೂ ಕೆಲವರಿದ್ದೀವಿ. ನಮ್ಮ ಕಡೆಯಿಂದ ಹೋದ ರಿಪೋರ್ಟುಗಳಲ್ಲಿ ಬಹುಪಾಲು “ನಮ್ಮಲ್ಲಿ ಹಾಗೆ ಆಗ್ತಿಲ್ಲ” ಅಂತ ಬರೆದು ಮುಚ್ಚಿಬಿಡ್ತಿದ್ದಾರೆ. ಸ್ಯಾಂಪಲ್ ಮೂರು:

“ಇಳಿಯುವಾಗ ವಿನ್ಯಾವ್ ಕೈಕೊಟ್ಟಿತು.” (ವಿನ್ಯಾವ್ ಅಂದ್ರೆ ಏರೋದು ಇಳಿಯೋದನ್ನ ತಾನೇ ನೋಡ್ಕೊಳ್ಳೋ ಆಟೋಪೈಲಟ್ ಮೋಡ್.)
“ಆಟೋಪೈಲಟ್ ತಾನಾಗೇ ಆಫ್ ಆಯ್ತು.”
“ಇಂಧನ ಜಾಸ್ತಿ ಕುಡೀತಿದೆ.”

ಇದರಲ್ಲಿ ಏನು ಕಮ್ಮಿ? ಬೆಂಗಳೂರು–ಮುಂಬೈ ಅಂತ ದಿನಾ ಹಾರಿಸ್ತಾ ಇದ್ರೆ ಸಾಕಾ, ಇಲ್ಲ ಪರೀಕ್ಷೆಗೆ ಅಂತಲೇ ಒಂದು ಕ್ರಮ ಇದೆಯಾ? ಬಲ್ಲವರು ತಿಳಿಸಿ.

ಮ್ಯಾಕ್_ಪಾಯಿಂಟ್78
ಮೂರಕ್ಕೂ ಒಂದೇ ರೋಗ. ಎಲ್ಲಿ, ಎಷ್ಟು ತೂಕದಲ್ಲಿ, ಯಾವ ಗುಂಡಿ ಒತ್ತಿದ ಮೇಲೆ ಅನ್ನೋದೇ ಇಲ್ಲ. ಕೋಡ್ ಬರೆಯೋರು ತಮ್ಮ ಕಂಪ್ಯೂಟರಲ್ಲಿ ಅದನ್ನ ಮತ್ತೆ ಮಾಡಿ ನೋಡಕ್ಕಾಗದಿದ್ರೆ ಟಿಕೆಟ್ ಮುಚ್ಚದೆ ಇನ್ನೇನು ಮಾಡ್ತಾರೆ? ಮೊದಲನೇದು ಹೀಗಿರಬೇಕಿತ್ತು ನೋಡಿ:

“ಬಿಲ್ಡ್ ಸಂಖ್ಯೆ ಇಷ್ಟು, ಸಿಮ್ ಆವೃತ್ತಿ ಇಷ್ಟು, ಏರಾಕ್ ಸೈಕಲ್ (ನ್ಯಾವಿಗೇಶನ್ ಡೇಟಾದ ಆವೃತ್ತಿ) ಇಷ್ಟು. ಝೀರೋ ಫ್ಯೂಯಲ್ ತೂಕ (ಇಂಧನ ಬಿಟ್ಟು) 58,000 ಕೆಜಿ, ಇಂಧನ 6,200 ಕೆಜಿ, ಕಾಸ್ಟ್ ಇಂಡೆಕ್ಸ್ (ಸಮಯ–ಇಂಧನದ ಖರ್ಚು ತೂಗೋ ಅಂಕಿ) 30, ಎಫ್‌ಎಲ್350 (35,000 ಅಡಿ). ಹವಾಮಾನ: ಕ್ಲಿಯರ್ ಸ್ಕೈಸ್, ಲೈವ್ ಅಲ್ಲ. ಡಿಸೆಂಟ್ ಶುರುವಾದ ಮೇಲೆ ಎಫ್‌ಎಂಎಯಲ್ಲಿ (ಆಟೋಪೈಲಟ್ ಮೋಡ್ ತೋರಿಸೋ ಸಾಲು) ವಿನ್ಯಾವ್ ಪಾತ್ ಇತ್ತು. ಮುಂದಿನ ವೇಪಾಯಿಂಟಿಗೆ ‘ಎಫ್‌ಎಲ್120ಕ್ಕಿಂತ ಕೆಳಗೆ, 9,000ಕ್ಕಿಂತ ಮೇಲೆ’ ಅನ್ನೋ ಎರಡು ಕಡೆಯ ನಿರ್ಬಂಧ. ಅದನ್ನ ಬಿಟ್ಟು ಅದರಾಚೆಯ ಪಾಯಿಂಟಿಗೆ ಡೈರೆಕ್ಟ್ ಹಾಕಿ ಎಕ್ಸಿಕ್ಯೂಟ್ ಒತ್ತಿದ ಕ್ಷಣ ವಿನ್ಯಾವ್ ಬಿಟ್ಟು ಸಿಡಬ್ಲ್ಯುಎಸ್ ಪಿ (ಏರಿಳಿತವನ್ನ ಪೈಲಟ್ ಕೈಗೆ ಬಿಡೋ ಮೋಡ್) ಬಂತು. ಐದು ಸಲ ಮಾಡಿದ್ರೆ ಐದೂ ಸಲ. ನಿರ್ಬಂಧ ಅಳಿಸಿ ಮಾಡಿದ್ರೆ ಆಗಲ್ಲ. ಲೆಗ್ಸ್ ಪೇಜ್, ಡಿಸೆಂಟ್ ಪೇಜ್, ಎಫ್‌ಎಂಎ ಮೂರರ ಚಿತ್ರ ಲಗತ್ತಿಸಿದೆ.”

ಕೊನೆಗೆ ಬರೋ “ಅಳಿಸಿ ಮಾಡಿದ್ರೆ ಆಗಲ್ಲ” ಅನ್ನೋ ಒಂದು ಸಾಲಿಗೆ ಬೆಲೆ ಜಾಸ್ತಿ. ತಪ್ಪು ಎರಡು ಕಡೆಯ ನಿರ್ಬಂಧದ ಲೆಕ್ಕದಲ್ಲಿದೆ ಅಂತ ಅಲ್ಲೇ ಗೊತ್ತಾಗೋಗುತ್ತೆ. ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಿ ನೋಡಿ. ಹವಾಮಾನವನ್ನೂ ತೂಕವನ್ನೂ ಸ್ಟಾರ್ ರೂಟನ್ನೂ (ಏರ್‌ಪೋರ್ಟಿಗೆ ಬರೋ ನಿಗದಿತ ದಾರಿ) ಒಟ್ಟಿಗೆ ಬದಲಿಸಿ “ಈಗ ಸರಿಹೋಯ್ತು” ಅಂದ್ರೆ ಯಾರಿಗೂ ಪ್ರಯೋಜನ ಇಲ್ಲ.

ಕಾಕ್‌ಪಿಟ್_ಕಿಟ್ಟಿ
ಎರಡನೇದು, “ಆಟೋಪೈಲಟ್ ತಾನಾಗೇ ಆಫ್”. ಇದು ಹತ್ತರಲ್ಲಿ ಎಂಟು ಸಲ ಆಡ್‌ಆನ್ ತಪ್ಪೇ ಅಲ್ಲ ಗುರು. ರಿಪೋರ್ಟ್ ಬರೆಯೋ ಮುಂಚೆ ಇಷ್ಟು ಮಾಡಿ:

ಮೊದಲು ಯುಎಸ್‌ಬಿ ಎಲ್ಲಾ ಕಿತ್ತು, ಬರೀ ಕೀಬೋರ್ಡು ಮೌಸಲ್ಲಿ ಅದೇ ಹಂತ ಮಾಡಿ. ಆಗ ಆಗದಿದ್ರೆ ಜಾಯ್‌ಸ್ಟಿಕ್ ಮೇಲೆ ಅನುಮಾನ. ಹಳೇ ಪೊಟೆನ್ಶಿಯೋಮೀಟರ್ ಇರೋ ಸ್ಟಿಕ್ಕು ಮಧ್ಯದಲ್ಲಿ ನಿಲ್ಲಲ್ಲ, ಸಣ್ಣದಾಗಿ ನಡುಗ್ತಾ ಇರುತ್ತೆ. ಆಡ್‌ಆನ್ ಅದನ್ನ “ಪೈಲಟ್ ಕೈ ಹಾಕಿದ” ಅಂತ ಓದುತ್ತೆ. ಸೆನ್ಸಿಟಿವಿಟಿಯಲ್ಲಿ ಡೆಡ್ ಝೋನ್ 3ರಿಂದ 5 ಪರ್ಸೆಂಟ್ ಕೊಟ್ಟು ನೋಡಿ.

ಆಮೇಲೆ ಬೈಂಡಿಂಗ್, ಅಂದ್ರೆ ಯಾವ ಗುಂಡಿಗೆ ಯಾವ ಕೆಲಸ ಅನ್ನೋದು. ಸಿಮ್ಯುಲೇಟರು ಹೊಸ ಸಾಧನ ಸಿಕ್ಕಿದ್ರೆ ತಾನೇ ಒಂದು ಡೀಫಾಲ್ಟ್ ಪ್ರೊಫೈಲ್ ಹಚ್ಚುತ್ತೆ. ಥ್ರಾಟಲ್ ಆಕ್ಸಿಸ್ ಎರಡು ಸಾಧನಕ್ಕೆ ಹೋಗಿದ್ರೆ ಆಟೋಥ್ರಾಟಲ್ ಕುಣಿಯುತ್ತೆ.

ಇನ್ನೊಂದು ಮಜಾ ಇದೆ. ಯೋಕ್ ಮೇಲಿನ ಎಲೆಕ್ಟ್ರಿಕ್ ಟ್ರಿಮ್ ಸ್ವಿಚ್ ಒತ್ತಿದ್ರೆ ನಿಜವಾದ 737ರಲ್ಲೂ ಆಟೋಪೈಲಟ್ ಬಿಡುತ್ತೆ. ನಿಮ್ಮ ಹ್ಯಾಟ್ ಸ್ವಿಚ್ ಕ್ಯಾಮೆರಾಗೂ ಟ್ರಿಮ್‌ಗೂ ಎರಡಕ್ಕೂ ಮ್ಯಾಪ್ ಆಗಿದ್ರೆ, ಕಿಟಕಿ ಕಡೆ ನೋಡಿದಾಗೆಲ್ಲ ಆಟೋಪೈಲಟ್ ಹೋಗುತ್ತೆ. ಆಡ್‌ಆನ್ ಸರಿಯಾಗೇ ಕೆಲಸ ಮಾಡ್ತಿದೆ!

ಹೊಸಬ_ರನ್‌ವೇ09
ಅಸಿಸ್ಟೆನ್ಸ್ ಆಪ್ಷನ್ಸ್ ಕೂಡ ಆಫ್ ಇರಬೇಕು ಅಲ್ವಾ?

ಕಾಕ್‌ಪಿಟ್_ಕಿಟ್ಟಿ
ಪೂರ್ತಿ. ಆಟೋ ರಡ್ಡರ್ ಆನ್ ಇಟ್ಕೊಂಡು “ಎಂಜಿನ್ ಫೇಲ್ ಆದ್ರೂ ವಿಮಾನ ಒಂದು ಕಡೆ ಎಳೀತಿಲ್ಲ” ಅಂತ ಬರೆಯೋರಿದ್ದಾರೆ.

ಧಾರವಾಡ_ಡಿಸೆಂಟ್
ಮೂರನೇದ್ದಕ್ಕ ಬರೋಣ್ರಿ. “ಇಂಧನ ಜಾಸ್ತಿ ಕುಡೀತದ” ಅಂದ್ರ ಯಾವುದಕ್ಕ ಹೋಲಿಸಿ ಜಾಸ್ತಿ? ಫ್ಲೈಟ್ ಪ್ಲಾನರ್ ಹೇಳಿದ ಅಂಕಿಗೆ ಹೋಲಿಸಬ್ಯಾಡ್ರಿ, ಅದು ತನ್ನದ ಒಂದು ಪ್ರೊಫೈಲ್ ಇಟ್ಕೊಂಡಿರ್ತದ. ಎಫ್‌ಕಾಮ್‌ದಾಗಿನ (ಪೈಲಟ್‌ಗಳ ಕೈಪಿಡಿ) ಕ್ರೂಸ್ ಟೇಬಲ್‌ಗೆ ಹೋಲಿಸ್ರಿ.

ಹವಾಮಾನ ಕೈಯಿಂದ ಇಡ್ರಿ: ಸಮುದ್ರಮಟ್ಟಕ್ಕ 15 ಡಿಗ್ರಿ, 1013 ಹೆಕ್ಟೊಪಾಸ್ಕಲ್, ಗಾಳಿ ಸೊನ್ನಿ. ಒಟ್ಟು ತೂಕ 65,000 ಕೆಜಿ ಇದ್ದಾಗ ಎಫ್‌ಎಲ್350, ಮ್ಯಾಕ್ 0.78 (ಶಬ್ದದ ವೇಗದ 0.78 ಪಟ್ಟು) ಹಿಡೀರಿ. ಹತ್ತು ನಿಮಿಷ ಸ್ಥಿರ ಆಗ್ಲಿಕ್ಕೆ ಬಿಟ್ಟು, ಆಮ್ಯಾಲ ಅರ್ಧ ತಾಸು ಎರಡೂ ಎಂಜಿನ್ನಿನ ಫ್ಯೂಯಲ್ ಫ್ಲೋ ಬರಕೋರಿ. ಒಂದೊಂದು ಎಂಜಿನ್ನಿಗೆ ತಾಸಿಗೆ 1,200 ಕೆಜಿ ಆಸುಪಾಸು ಬರಬೇಕು. ಎಂಜಿನ್ ಆಂಟಿ-ಐಸ್ ಆಫ್ ಇರಬೇಕು, ಅದು ಆನ್ ಇದ್ರ ಲೆಕ್ಕ ಏರ್ತದ. ವಿಂಗ್‌ಲೆಟ್ ಇರೋ ಮಾಡೆಲ್ಲಿಗೂ ಇಲ್ಲದ್ದಕ್ಕೂ ಟೇಬಲ್ ಬ್ಯಾರೆ ಬ್ಯಾರೆ, ಅದನ್ನೂ ನೋಡ್ಕೋರಿ.

ಇನ್ನ ಕೆಜಿ–ಪೌಂಡ್ ಗೊಂದಲ. ಆಡ್‌ಆನ್‌ದ ಕಾಕ್‌ಪಿಟ್ ಟ್ಯಾಬ್ಲೆಟ್‌ದಾಗ ಕೆಜಿ, ಸಿಮ್ ಮೆನ್ಯುದಾಗ ಪೌಂಡ್ ಇಟ್ರ 2.2 ಪಟ್ಟು ವ್ಯತ್ಯಾಸ ಬರ್ತದ. ಇಂಧನ ತುಂಬೋದು ಯಾವಾಗ್ಲೂ ಆಡ್‌ಆನ್‌ದ ಟ್ಯಾಬ್ಲೆಟ್ಟಿನಿಂದನ ಮಾಡ್ರಿ. ಸಿಮ್‌ದ ವೇಟ್ ಅಂಡ್ ಬ್ಯಾಲನ್ಸ್ ಪುಟದಾಗ ಕೈ ಹಾಕಿದ್ರ ಒಳಗಿನ ಲೆಕ್ಕ ಒಂದು, ಹೊರಗಿನ ತೂಕ ಒಂದು ಆಗ್ತದ.

ಮ್ಯಾಕ್_ಪಾಯಿಂಟ್78
ಧಾರವಾಡದ ಸಾಹೇಬ್ರು ಹೇಳಿದ್ದಕ್ಕೆ ಸೇರಿಸ್ತೀನಿ. ಇಂಧನ ವ್ಯವಸ್ಥೆಯ ಎಚ್ಚರಿಕೆಗಳನ್ನೂ ಅದೇ ಹಾರಾಟದಲ್ಲಿ ನೋಡಬಹುದು. ಎರಡು ರೆಕ್ಕೆ ಟ್ಯಾಂಕ್ ನಡುವೆ 453 ಕೆಜಿಗಿಂತ ಹೆಚ್ಚು ವ್ಯತ್ಯಾಸ ಬಂದ್ರೆ ಇಂಬ್ಯಾಲ್. ರೆಕ್ಕೆ ಟ್ಯಾಂಕಲ್ಲಿ 907ಕ್ಕಿಂತ ಕಮ್ಮಿ ಆದ್ರೆ ಲೋ. ನಡು ಟ್ಯಾಂಕಲ್ಲಿ 726ಕ್ಕಿಂತ ಜಾಸ್ತಿ ಇದ್ದು ಅದರ ಎರಡೂ ಪಂಪ್ ಆಫ್ ಆಗಿ ಎಂಜಿನ್ ಓಡ್ತಿದ್ರೆ ಕಾನ್ಫಿಗ್. ಇಂಬ್ಯಾಲ್ ಬಂದಿದ್ದು ವ್ಯತ್ಯಾಸ 91 ಕೆಜಿಗೆ ಇಳಿಯೋವರೆಗೂ ಹೋಗಬಾರದು. 450ಕ್ಕೆ ಇಳಿದ ಕೂಡ್ಲೇ ಆರಿಹೋದ್ರೆ ಅದು ಬಗ್. ಇಂಥದ್ದು ಬೆಂಗಳೂರು–ಮುಂಬೈ ಹಾರಿಸಿದ್ರೆ ಜನ್ಮದಲ್ಲಿ ಕಣ್ಣಿಗೆ ಬೀಳಲ್ಲ.

ಎನ್‌2_ಇಪ್ಪತ್ತೈದು
ಇದೇ ಮಾತಿಗೆ ಕಾಯ್ತಿದ್ದೆ. ಎಲ್ಲರೂ “ಸರಿಯಾಗಿ ಮಾಡಿದ್ರೆ ಸರಿಯಾಗಿ ನಡೆಯುತ್ತಾ” ಅಂತ ನೋಡ್ತಾರೆ. “ತಪ್ಪು ಮಾಡಿದ್ರೆ ಸರಿಯಾಗಿ ಕೆಡುತ್ತಾ” ಅಂತ ನೋಡೋರು ಕಮ್ಮಿ. ಒಳ್ಳೇ ಬಗ್‌ಗಳು ಇರೋದೇ ಅಲ್ಲಿ.

ಎಂಜಿನ್ ಸ್ಟಾರ್ಟ್ ತಗೊಳ್ಳಿ. ಸಾಮಾನ್ಯ ಕ್ರಮ: ಪ್ಯಾಕ್ (ಎಸಿ) ಆಫ್, ಎಪಿಯು (ಬಾಲದಲ್ಲಿರೋ ಸಣ್ಣ ಎಂಜಿನ್) ಬ್ಲೀಡ್ ಗಾಳಿ ಆನ್, ಸ್ವಿಚ್ ಗ್ರೌಂಡ್‌ಗೆ, ಎನ್‌2 (ಎಂಜಿನ್ ಒಳಗಿನ ಶಾಫ್ಟ್ ವೇಗ) 25 ಪರ್ಸೆಂಟ್‌ಗೆ ಸ್ಟಾರ್ಟ್ ಲಿವರ್ ಐಡಲ್, 56 ಪರ್ಸೆಂಟ್‌ಗೆ ಸ್ಟಾರ್ಟರ್ ಕಟ್ಔಟ್, ಇಜಿಟಿ (ಎಂಜಿನ್ನಿಂದ ಹೊರಬರೋ ಅನಿಲದ ಬಿಸಿ) 725 ಡಿಗ್ರಿ ದಾಟಬಾರದು. ಇದು ಎಲ್ಲಾ ಆಡ್‌ಆನ್‌ಗಳಲ್ಲೂ ಚೆನ್ನಾಗೇ ಇರುತ್ತೆ. ಈಗ ಕೆಡಿಸಿ:

ಬ್ಲೀಡ್ ಆಫ್ ಇಟ್ಟು ಸ್ಟಾರ್ಟ್ ಸ್ವಿಚ್ ತಿರುಗಿಸಿ. ಗಾಳಿಯೇ ಇಲ್ಲ, ಎನ್‌2 ಅಲ್ಲಾಡಬಾರದು. ಪ್ಯಾಕ್ ಆನ್ ಇಟ್ಟು ಮಾಡಿ, ಡಕ್ಟ್ ಪ್ರೆಷರ್ ಕುಸಿಯಬೇಕು, ಎನ್‌2 ನಿಧಾನ ಆಗಬೇಕು. ಸಮುದ್ರಮಟ್ಟದಲ್ಲಿ ಕನಿಷ್ಠ 30 ಪಿಎಸ್‌ಐ ಬೇಕು, ಪ್ರತಿ 1,000 ಅಡಿಗೆ ಅರ್ಧ ಪಿಎಸ್‌ಐ ಕಳೀರಿ. ಬೆಂಗಳೂರು ಸುಮಾರು 3,000 ಅಡಿ, ಅಂದ್ರೆ 28.5. ಎನ್‌2 15 ಇರುವಾಗಲೇ ಲಿವರ್ ಎತ್ತಿ. ಗಾಳಿ ಕಮ್ಮಿ, ಇಂಧನ ಜಾಸ್ತಿ, ಇಜಿಟಿ ಜಿಗಿಯಬೇಕು. ಏನೂ ಆಗದೆ ನೆಟ್ಟಗೆ ಸ್ಟಾರ್ಟ್ ಆಯ್ತು ಅಂದ್ರೆ ಅದು ಬರೀ ಅನಿಮೇಶನ್, ಎಂಜಿನ್ ಮಾಡೆಲ್ ಅಲ್ಲ.

ಟೇಕಾಫ್ ರಿಜೆಕ್ಟ್ ಹಾಗೇ. ಆಟೋಬ್ರೇಕ್ ಆರ್‌ಟಿಓದಲ್ಲಿಟ್ಟು (ಟೇಕಾಫ್ ನಿಲ್ಲಿಸಿದ್ರೆ ತಾನೇ ಬ್ರೇಕ್ ಹಿಡಿಯೋ ಸ್ಥಾನ) 80 ನಾಟ್‌ಗೆ ಥ್ರಾಟಲ್ ಐಡಲ್‌ಗೆ ಎಳೀರಿ, ಬ್ರೇಕ್ ಹಿಡೀಬಾರದು. 95ಕ್ಕೆ ಎಳೀರಿ, ಪೂರ್ತಿ ಹಿಡೀಬೇಕು. ಗೆರೆ ಇರೋದು 90ರಲ್ಲಿ. ಹಾಗೇ 84 ನಾಟ್‌ಗೆ ಎಫ್‌ಎಂಎಯಲ್ಲಿ ಥ್ರಾಟಲ್ ಹೋಲ್ಡ್ ಬರಬೇಕು.

ಕರೆಂಟ್: ಹಾರಾಟದಲ್ಲಿ ಎಪಿಯು ಆಫ್ ಇಟ್ಟು ಎರಡೂ ಜನರೇಟರ್ ಆಫ್ ಮಾಡಿ. ಕ್ಯಾಪ್ಟನ್ ಕಡೆ ಪರದೆ ಉಳೀಬೇಕು, ಫಸ್ಟ್ ಆಫೀಸರ್ ಕಡೆ ಕಪ್ಪಾಗಬೇಕು. ಎರಡೂ ಕಡೆ ಉಳಿದ್ರೆ ಬರೀರಿ. ಎರಡೂ ಕಡೆ ಹೋದ್ರೂ ಬರೀರಿ.

ಘಟ್ಟದ_ಮೋಡ
ಒಳ್ಳೇದು, ಆದ್ರೆ ಇಷ್ಟಕ್ಕೆಲ್ಲಾ ಪ್ರತಿ ಸಲ ಕೋಲ್ಡ್ ಅಂಡ್ ಡಾರ್ಕ್‌ನಿಂದ (ಎಲ್ಲಾ ಆಫ್ ಇರೋ ಸ್ಥಿತಿ) ಶುರು ಮಾಡ್ತಾ ಕೂತ್ರೆ ವಾರ ಸಾಲಲ್ಲ. ಟಾಪ್ ಆಫ್ ಡಿಸೆಂಟ್‌ಗೆ (ಇಳಿಯೋಕೆ ಶುರು ಮಾಡೋ ಜಾಗ) ಹತ್ತು ಮೈಲಿ ಮುಂಚೆ ಸೇವ್ ಮಾಡಿಟ್ಕೊಳ್ಳಿ, ಅದೇ ಸ್ಥಿತಿ ಮತ್ತೆ ಮತ್ತೆ ಲೋಡ್ ಮಾಡಿ. ಒಂದು ಸಂಜೆಗೆ ಇಪ್ಪತ್ತು ಡಿಸೆಂಟ್ ನೋಡಬಹುದು.

ಮ್ಯಾಕ್_ಪಾಯಿಂಟ್78
ಒಪ್ಪಲ್ಲ. ಸೇವ್ ಮಾಡಿದ ಸ್ಥಿತಿ ಲೋಡ್ ಆಗುವಾಗಲೇ ಅರ್ಧ ಬಗ್ ಹುಟ್ಟೋದು. ಎಫ್‌ಎಂಸಿಯ (ವಿಮಾನದ ದಾರಿ ಲೆಕ್ಕ ಹಾಕೋ ಕಂಪ್ಯೂಟರ್) ಡಿಸೆಂಟ್ ಪಾತ್ ಲೆಕ್ಕ ಮೆಮೊರಿಯಲ್ಲಿರುತ್ತೆ, ಸೇವ್ ಫೈಲಿಗೆ ಪೂರ್ತಿ ಹೋಗಿರಲ್ಲ. ಲೋಡ್ ಆದ ಮೇಲೆ ಮತ್ತೆ ಲೆಕ್ಕ ಹಾಕುತ್ತೆ. ಆಗ ಕಾಣೋ ವಿನ್ಯಾವ್ ತೊಂದರೆ ಮಾಮೂಲಿ ಹಾರಾಟದಲ್ಲಿ ಇರೋದೇ ಇಲ್ಲ. ಡೆವಲಪರ್ ಇಲ್ಲದ ದೆವ್ವ ಹುಡುಕ್ತಾ ಕೂರ್ತಾರೆ.

ಘಟ್ಟದ_ಮೋಡ
ಸೇವ್–ಲೋಡ್ ಕೂಡ ಆಡ್‌ಆನ್‌ನ ಭಾಗವೇ ತಾನೇ? ದುಡ್ಡು ಕೊಟ್ಟು ತಗೊಳ್ಳೋರು ಅದನ್ನೂ ಬಳಸ್ತಾರೆ. ಅಲ್ಲಿ ಬಗ್ ಇದ್ರೆ ಅದೂ ಬಗ್ಗೇ.

ಮ್ಯಾಕ್_ಪಾಯಿಂಟ್78
ಹೌದು, ಆದ್ರೆ ಬೇರೆ ಬಗ್. ಅದಕ್ಕೇ ರಿಪೋರ್ಟಲ್ಲಿ “ಸೇವ್ ಲೋಡ್ ಮಾಡಿದ ಮೇಲೆ” ಅಂತ ಮೊದಲ ಸಾಲಲ್ಲೇ ಇರಬೇಕು. ಲೋಡ್‌ನಲ್ಲಿ ಸಿಕ್ಕಿದ್ದನ್ನ ಒಂದು ಸಲ ಆದ್ರೂ ಗೇಟಿಂದ ಹಾರಿ ಖಾತ್ರಿ ಮಾಡ್ಕೊಂಡು ಆಮೇಲೆ ವಿನ್ಯಾವ್ ಮೇಲೆ ಹಾಕಿ. ಟೈಮ್ ಆಕ್ಸಿಲರೇಶನ್‌ಗೂ ಇದೇ ನಿಯಮ. 4 ಪಟ್ಟು ವೇಗದಲ್ಲಿ ಆಟೋಪೈಲಟ್ ಅತ್ತಿತ್ತ ಓಲಾಡಿದ್ರೆ ಅದನ್ನ ಫ್ಲೈಟ್ ಮಾಡೆಲ್ ದೋಷ ಅಂತ ಬರೀಬೇಡಿ.

ಎನ್‌2_ಇಪ್ಪತ್ತೈದು
ಇಬ್ಬರೂ ಸರಿ. ಡಿಸೆಂಟ್ ಹುಡುಕಾಟಕ್ಕೆ ಸೇವ್ ಫೈಲ್, ದೃಢಪಡಿಸೋಕೆ ಗೇಟ್. ಮುಂದಕ್ಕೆ ನಡೀರಿ.

ಕರಾವಳಿ_ಕ್ರಾಸ್‌ವಿಂಡ್
ಮಾರಾಯ್ರೆ, ಒಂದು ಡೌಟು. ಮಂಗಳೂರಲ್ಲಿ ರನ್‌ವೇ 24ಕ್ಕೆ ಇಳಿಯುವಾಗ ರೇಡಿಯೋ ಆಲ್ಟಿಮೀಟರ್ ಹುಚ್ಚು ಹಿಡಿದ ಹಾಗೆ ಆಡ್ತದೆ ಅಂತ ಒಬ್ರು ಬೀಟಾ ಟಿಕೆಟ್ ಹಾಕಿದ್ದಾರೆ. ರನ್‌ವೇ ಹತ್ತಿರ ಬರುವಾಗ ಓದು ದಿಢೀರ್ ಕೆಳಗೆ ಹೋಗ್ತದೆ, ಕಾಲ್ಔಟ್‌ಗಳು (ಎತ್ತರ ಕೂಗಿ ಹೇಳುವ ಧ್ವನಿ) ಒಟ್ಟೊಟ್ಟಿಗೆ ಬರ್ತವೆ. ಇದು ಬಗ್ ಹೌದಾ?

ಮ್ಯಾಕ್_ಪಾಯಿಂಟ್78
ಅಲ್ಲ. ಮಂಗಳೂರು ಟೇಬಲ್‌ಟಾಪ್, ಗುಡ್ಡದ ನೆತ್ತಿ ಮೇಲಿನ ರನ್‌ವೇ. ರೇಡಿಯೋ ಆಲ್ಟಿಮೀಟರ್ ಅಳೆಯೋದು ಹೊಟ್ಟೆ ಕೆಳಗಿನ ನೆಲವನ್ನ, ಮುಂದಿರೋ ರನ್‌ವೇಯನ್ನಲ್ಲ. ಕಣಿವೆ ಮೇಲಿದ್ದಾಗ ಜಾಸ್ತಿ ತೋರಿಸುತ್ತೆ, ಗುಡ್ಡದ ಅಂಚು ದಾಟಿದ ಕ್ಷಣ ಧಡಕ್ಕನೆ ಇಳಿಯುತ್ತೆ. ಅದು ಹಾಗೇ ಆಗಬೇಕು. ನಿಜವಾದ ತಪ್ಪು ಇದಕ್ಕೆ ಉಲ್ಟಾ: ಅಲ್ಲೂ ಓದು ನುಣ್ಣಗೆ ಇಳೀತಿದ್ರೆ, ಆಡ್‌ಆನ್ ನೆಲ ನೋಡದೆ ರನ್‌ವೇ ಎತ್ತರದಿಂದ ಕಳೆದು ತೋರಿಸ್ತಿದೆ ಅಂತ ಅರ್ಥ.

ಕರಾವಳಿ_ಕ್ರಾಸ್‌ವಿಂಡ್
ಆದ್ರೆ ಸೀನರಿಯಲ್ಲಿ ಗುಡ್ಡವನ್ನೇ ಚಪ್ಪಟೆ ಮಾಡಿ ಇಟ್ಟಿದ್ರೆ?

ಮ್ಯಾಕ್_ಪಾಯಿಂಟ್78
ಆಗ ನುಣ್ಣಗೇ ಇಳಿಯುತ್ತೆ, ಅದು ಸೀನರಿ ಮಾಡಿದವರ ತಲೆನೋವು. ಡ್ರೋನ್ ಕ್ಯಾಮೆರಾದಲ್ಲಿ ರನ್‌ವೇ ತುದಿಯ ಇಳಿಜಾರು ನೋಡಿ, ಆಮೇಲೆ ಬರೀರಿ. ಬೀಟಾ ಪರೀಕ್ಷೆಗೆ ಮೊದಲ ಸುತ್ತಲ್ಲಿ ಕಮ್ಯುನಿಟಿ ಫೋಲ್ಡರ್ (ಆಡ್‌ಆನ್‌ಗಳನ್ನ ಹಾಕೋ ಜಾಗ) ಪೂರ್ತಿ ಖಾಲಿ ಇರಲಿ, ಈ ಆಡ್‌ಆನ್ ಒಂದೇ ಇರಲಿ.

ಹೊಸಬ_ರನ್‌ವೇ09
ಲೇಹ್‌ಗೆ ಹೋದ್ರೆ ಇಳಿಯೋ ಮುಂಚೆ ಹಾರ್ನ್ ಹೊಡ್ಕೊಳ್ಳುತ್ತೆ, ನಿಲ್ಲಲ್ಲ. ಜೊತೆಗೆ ಅದು ಟೇಕಾಫ್ ಕಾನ್ಫಿಗರೇಶನ್ ಹಾರ್ನ್ (ಫ್ಲ್ಯಾಪ್ ಮುಂತಾದ್ದು ಟೇಕಾಫ್‌ಗೆ ಸರಿ ಇಲ್ಲ ಅನ್ನೋ ಎಚ್ಚರಿಕೆ) ಶಬ್ದ. ಎರಡು ಬಗ್ ಅಲ್ವಾ ಇದು?

ಎನ್‌2_ಇಪ್ಪತ್ತೈದು
ಎರಡೂ ಅಲ್ಲ. ಲೇಹ್ ಎತ್ತರ 10,682 ಅಡಿ. ಕ್ಯಾಬಿನ್ ಆಲ್ಟಿಟ್ಯೂಡ್ (ಒಳಗಿನ ಗಾಳಿಯ ಒತ್ತಡ ಯಾವ ಎತ್ತರಕ್ಕೆ ಸಮ ಅನ್ನೋದು) ಹಾರ್ನ್ ಹೊಡೆಯೋದು 10,000ಕ್ಕೆ. ಲ್ಯಾಂಡಿಂಗ್ ಆಲ್ಟಿಟ್ಯೂಡ್ 10,700 ಇಟ್ಟ ಮೇಲೆ ಕ್ಯಾಬಿನ್ ಅಲ್ಲಿಗೇ ಹೋಗುತ್ತೆ, ದಾರಿಯಲ್ಲಿ 10,000 ದಾಟುತ್ತೆ. ಮಾಮೂಲಿ 737-800ಕ್ಕೆ ಟೇಕಾಫ್–ಲ್ಯಾಂಡಿಂಗ್ ಮಿತಿಯೇ 8,400 ಅಡಿ. ಹೈ ಆಲ್ಟಿಟ್ಯೂಡ್ ಆಪ್ಷನ್ ಇರೋ ವಿಮಾನ ಬೇರೆ. ಆಡ್‌ಆನ್‌ನಲ್ಲಿ ಆ ಆಪ್ಷನ್ ಕೊಟ್ಟು, ಅದನ್ನ ಆನ್ ಮಾಡಿದ ಮೇಲೂ ಹೊಡೆದ್ರೆ ಆಗ ಬರೀರಿ.

ಇನ್ನು ಶಬ್ದ. 737ರಲ್ಲಿ ಎರಡು ಎಚ್ಚರಿಕೆಗೂ ಒಂದೇ ಹಾರ್ನ್. 2005ರ ಆಗಸ್ಟ್ 14ರಂದು ಗ್ರೀಸ್‌ನಲ್ಲಿ ಬಿದ್ದ ಹೀಲಿಯೋಸ್ 522, ಅದು 737-300, ಅದರ ಪೈಲಟ್‌ಗಳು ಕ್ಯಾಬಿನ್ ಒತ್ತಡದ ಹಾರ್ನನ್ನ ಟೇಕಾಫ್ ಕಾನ್ಫಿಗರೇಶನ್ ಹಾರ್ನ್ ಅಂತ ತಿಳ್ಕೊಂಡಿದ್ರು. ಆಮೇಲೆ ಯಾವುದಕ್ಕೆ ಹೊಡೀತಿದೆ ಅಂತ ತಿಳಿಯೋಕೆ ಪ್ಯಾನೆಲ್ ಮೇಲೆ ಬೇರೆ ಬೇರೆ ಲೈಟ್ ಬಂದ್ವು. ಆ ಲೈಟ್ ಸರಿಯಾಗಿ ಹತ್ತುತ್ತಾ ಅನ್ನೋದು ನೋಡಬೇಕಾದ್ದು.

ಧಾರವಾಡ_ಡಿಸೆಂಟ್
ಅದಕ್ಕ ನಾ ಹೇಳೋದು, ಪುಸ್ತಕ ನೋಡದ ಟಿಕೆಟ್ ಹಾಕಬ್ಯಾಡ್ರಿ. “ಹಿಂದಿನ ಆಡ್‌ಆನ್‌ದಾಗ ಹಿಂಗ ಇರಲಿಲ್ಲ” ಅನ್ನೋದು ಪುರಾವೆ ಅಲ್ಲ. ಹಿಂದಿಂದ ತಪ್ಪಿರಬಹುದು.

ನಿರ್ವಾಹಕ
ಪುಸ್ತಕದ ಮಾತು ಬಂತು ಅಂತ ಹೇಳ್ತಿದ್ದೇನೆ: ಎಫ್‌ಕಾಮ್ ಪಿಡಿಎಫ್ ಕೊಂಡಿ ಇಲ್ಲಿ ಹಾಕಬೇಡಿ. ಪುಟ ಸಂಖ್ಯೆ, ಅಧ್ಯಾಯ ಹೇಳಿ, ಸಾಕು.

ರಾತ್ರಿಪಾಳಿ_ಡೆವ್
ಕೋಡ್ ಕಡೆಯಿಂದ ಒಂದಿಷ್ಟು ವಿಷಯ. ಸಿಸ್ಟಮ್ ಬಗ್ ಬಗ್ಗೆ ಎಲ್ಲರೂ ಬರೀತಾರೆ, ಕ್ರ್ಯಾಶ್ ಬಗ್ಗೆ “ಡೆಸ್ಕ್‌ಟಾಪ್‌ಗೆ ಬಂತು” ಅಂತ ಬಿಡ್ತಾರೆ.

ಸಿಮ್ ಕ್ರ್ಯಾಶ್ ಆದ್ರೆ ವಿಂಡೋಸ್ ಈವೆಂಟ್ ವ್ಯೂವರ್ ತೆಗೆದು, ಅಪ್ಲಿಕೇಶನ್ ವಿಭಾಗದಲ್ಲಿ ಆ ಹೊತ್ತಿನ ಎರರ್ ಹುಡುಕಿ. ಫಾಲ್ಟಿಂಗ್ ಮಾಡ್ಯೂಲ್ ಹೆಸರು, ಎಕ್ಸೆಪ್ಶನ್ ಕೋಡ್, ಆಫ್‌ಸೆಟ್ ಮೂರೂ ನಕಲು ಮಾಡಿ. ಸಿ0000005 ಅಂತ ಕೊನೆಯಾಗೋ ಕೋಡ್ ಅಂದ್ರೆ ಆಕ್ಸೆಸ್ ವಯೊಲೇಶನ್, ಮೆಮೊರಿಯಲ್ಲಿ ತನ್ನದಲ್ಲದ ಜಾಗ ಮುಟ್ಟಿದೆ. ಮಾಡ್ಯೂಲ್ ಹೆಸರು ಗ್ರಾಫಿಕ್ಸ್ ಡ್ರೈವರ್‌ದಾಗಿದ್ರೆ ಆಡ್‌ಆನ್ ಮೇಲೆ ಹಾಕೋ ಮುಂಚೆ ಡ್ರೈವರ್ ಕಡೆ ನೋಡಿ, ಓವರ್‌ಕ್ಲಾಕ್ ತೆಗೀರಿ.

ಹೊಸ ಬಿಲ್ಡ್ ಬಂದಾಗ ಹಳೇದರ ಮೇಲೆ ಪೇಸ್ಟ್ ಮಾಡಬೇಡಿ. ಹಳೇ ಫೋಲ್ಡರ್ ಪೂರ್ತಿ ಅಳಿಸಿ ಹಾಕಿ. ಅದಾದ ಮೇಲೂ ಒಂದು ಉಳಿಯುತ್ತೆ: ವರ್ಕ್ ಫೋಲ್ಡರ್. ವ್ಯಾಸ್ಮ್ ಮಾಡ್ಯೂಲ್‌ಗಳು (ಆಡ್‌ಆನ್ ಒಳಗಿನ ಕೋಡ್) ತಮ್ಮ ಸೆಟ್ಟಿಂಗು, ಸೇವ್ ಸ್ಥಿತಿ ಎಲ್ಲಾ ಅಲ್ಲಿ ಬರೀತಾವೆ. ಸ್ಟೀಮ್ ಆವೃತ್ತಿಗೂ ಮೈಕ್ರೋಸಾಫ್ಟ್ ಸ್ಟೋರ್ ಆವೃತ್ತಿಗೂ ಅದರ ಜಾಗ ಬೇರೆ. ಹಳೇ ಬಿಲ್ಡ್‌ನ ಸೇವ್ ಫೈಲ್ ಹೊಸ ಬಿಲ್ಡ್ ಓದಿದ್ರೆ ಸ್ವಿಚ್ ಒಂದು ಕಡೆ, ಲೈಟ್ ಒಂದು ಕಡೆ ಅನ್ನೋ ತರ ಆಗುತ್ತೆ. ಅದನ್ನ ಬೇರೆ ಕಡೆ ಎತ್ತಿಟ್ಟು ಮತ್ತೆ ಮಾಡಿ ನೋಡಿ. ಅಳಿಸಬೇಡಿ, ಡೆವಲಪರ್ ಕೇಳಬಹುದು. ಹೊಸ ಬಿಲ್ಡ್ ಮೊದಲ ಸಲ ಲೋಡ್ ಆಗೋಕೆ ತಡ ಆಗುತ್ತೆ, ಅದು ಕಂಪೈಲ್ ಸಮಯ. “ಲೋಡಿಂಗ್ ನಿಧಾನ” ಅಂತ ಎರಡನೇ ಸಲ ನೋಡಿದ ಮೇಲೆ ಬರೀರಿ.

ನಮ್ಮವರು ಮಾತ್ರ ಮಾಡಬಹುದಾದ ಒಂದು ಪರೀಕ್ಷೆ ಇದೆ. ವಿಂಡೋಸ್‌ನಲ್ಲಿ ಬಳಕೆದಾರರ ಹೆಸರು ಕನ್ನಡ ಲಿಪಿಯಲ್ಲಿರೋ ಒಂದು ಹೊಸ ಲೋಕಲ್ ಅಕೌಂಟ್ ಮಾಡಿ. ಆಗ ಯೂಸರ್ ಫೋಲ್ಡರ್ ದಾರಿಯಲ್ಲಿ ಕನ್ನಡ ಅಕ್ಷರ ಬರುತ್ತೆ. ಇನ್ಸ್ಟಾಲರ್ ಓಡಿಸಿ, ಟ್ಯಾಬ್ಲೆಟ್ ಸೆಟ್ಟಿಂಗ್ ಸೇವ್ ಮಾಡಿ, ಮುಚ್ಚಿ ಮತ್ತೆ ತೆಗೀರಿ. ಯೂನಿಕೋಡ್ ಸರಿಯಾಗಿ ನೋಡ್ಕೊಳ್ಳದ ಕೋಡ್ ಇಲ್ಲಿ ಫೈಲ್ ಸಿಗಲಿಲ್ಲ ಅಂತ ಬಿದ್ದುಹೋಗುತ್ತೆ. ಜೊತೆಗೆ ರೀಜನ್ ಸೆಟ್ಟಿಂಗನ್ನ ಜರ್ಮನಿಗೆ ಬದಲಿಸಿ. ಅಲ್ಲಿ ದಶಮಾಂಶಕ್ಕೆ ಚುಕ್ಕಿ ಬದಲು ಅಲ್ಪವಿರಾಮ. 0.78 ಅಂತ ಫೈಲಲ್ಲಿರೋದನ್ನ ಕೆಲವು ಕೋಡ್ 0 ಅಂತ ಓದುತ್ತೆ, ಇಲ್ಲಾ 78 ಅಂತ. ಡೆವಲಪರ್ ಕಂಪ್ಯೂಟರಲ್ಲಿ ಯಾವತ್ತೂ ಕಾಣದ ಬಗ್‌ಗಳು ಇವು. “ನಮ್ಮಲ್ಲಿ ಹಾಗೆ ಆಗ್ತಿಲ್ಲ” ಅನ್ನೋ ಉತ್ತರಕ್ಕೆ ದೊಡ್ಡ ಕಾರಣಗಳಲ್ಲಿ ಇದೂ ಒಂದು.

ಫ್ಲಾಪ್ಸ್_ಹದಿನೈದು
ಕನ್ನಡ ಯೂಸರ್‌ನೇಮ್ ಐಡಿಯಾ ಸೂಪರ್! ಇದು ನಮ್ಮ ಗುಂಪಿನ ಪಟ್ಟಿಯಲ್ಲೇ ಇಲ್ಲ. ಸೇರಿಸ್ತೀನಿ.

ಘಟ್ಟದ_ಮೋಡ
ಅದೇ ಜಾತಿಯ ಇನ್ನೊಂದು: ಅಕ್ಷಾಂಶ ರೇಖಾಂಶದ ಚಿಹ್ನೆ. ಭಾರತದಲ್ಲೇ ಹಾರಿಸೋರಿಗೆ ಯಾವಾಗ್ಲೂ ಉತ್ತರ, ಪೂರ್ವ. ಸಿಂಗಪುರದಿಂದ ಜಕಾರ್ತಾ ಹೋಗಿ, ಭೂಮಧ್ಯರೇಖೆ ದಾಟುವಾಗ ನ್ಯಾವಿಗೇಶನ್ ಡಿಸ್‌ಪ್ಲೇ ನೋಡ್ತಿರಿ. ಫಿಜಿಯ ನಾಡಿಯಿಂದ ಸಮೋವಾದ ಏಪಿಯಾಗೆ ಹೋಗಿ, 180 ಡಿಗ್ರಿ ರೇಖೆ ದಾಟುತ್ತೆ. ಅಲ್ಲಿ ಕೋಡ್ ತಪ್ಪಿದ್ರೆ ಮುಂದಿನ ಪಾಯಿಂಟಿನ ದೂರ ಸಾವಿರಾರು ಮೈಲಿ ಅಂತ ತೋರಿಸಿ, ಇಂಧನ ಲೆಕ್ಕ ಮೈನಸ್‌ಗೆ ಹೋಗುತ್ತೆ.

ಐಆರ್‌ಎಸ್ (ವಿಮಾನ ಎಲ್ಲಿದೆ ಅಂತ ತಾನೇ ಲೆಕ್ಕ ಹಾಕೋ ಸಾಧನ) ಅಲೈನ್‌ಮೆಂಟ್ ಕೂಡ. ಎಲ್ಲರೂ ಇನ್‌ಸ್ಟಂಟ್ ಅಂತ ಇಟ್ಟುಬಿಡ್ತಾರೆ, ಹಾಗಾಗಿ ಅದನ್ನ ಯಾರೂ ನೋಡೋದೇ ಇಲ್ಲ. ನಿಜವಾದ ಸಮಯಕ್ಕೆ ಇಡಿ. ಭೂಮಧ್ಯರೇಖೆ ಹತ್ತಿರ 5 ನಿಮಿಷದ ಆಸುಪಾಸು ಆಗಬೇಕು, ಉತ್ತರಕ್ಕೆ ಹೋದಷ್ಟೂ ಜಾಸ್ತಿ, 70 ಡಿಗ್ರಿ ದಾಟಿದ್ರೆ 17 ನಿಮಿಷ. ಎಲ್ಲಾ ಕಡೆ ಒಂದೇ ಸಮಯ ತಗೊಂಡ್ರೆ ಟೈಮರ್ ಹಾಕಿ ಕೈತೊಳ್ಕೊಂಡಿದ್ದಾರೆ ಅಂತ ಲೆಕ್ಕ. ಅಲೈನ್ ಆಗ್ತಿರುವಾಗ ಪುಶ್‌ಬ್ಯಾಕ್ ಮಾಡಿ, ಅದು ಸುಮ್ಮನೆ ಒಪ್ಕೋಬಾರದು.

ಹೊಸಬ_ರನ್‌ವೇ09
ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಬಗ್ಗೆ ಯಾರೂ ಹೇಳಲಿಲ್ಲ. 25ಕ್ಕಿಂತ ಮೇಲೆ ಏಳ್ತಿಲ್ಲ.

ರಾತ್ರಿಪಾಳಿ_ಡೆವ್
ಒಂಟಿ ಸಂಖ್ಯೆಗೆ ಅರ್ಥ ಇಲ್ಲ. ಅದೇ ಏರ್‌ಪೋರ್ಟ್, ಅದೇ ಪಾರ್ಕಿಂಗ್, ಅದೇ ಹೊತ್ತು, ಟ್ರಾಫಿಕ್ ಆಫ್ ಮಾಡಿ, ಸಿಮ್ ಜೊತೆ ಬಂದ ಡೀಫಾಲ್ಟ್ ಜೆಟ್‌ನಲ್ಲಿ ಮೊದಲು ಅಳೀರಿ. ವ್ಯತ್ಯಾಸ ಎಷ್ಟು ಅನ್ನೋದೇ ರಿಪೋರ್ಟ್. ಡೆವಲಪರ್ ಮೋಡ್‌ನ ಎಫ್‌ಪಿಎಸ್ ಪೆಟ್ಟಿಗೆಯಲ್ಲಿ ಮೇನ್ ಥ್ರೆಡ್ ತಡೀತಿದೆಯಾ ಜಿಪಿಯು ತಡೀತಿದೆಯಾ ಅಂತ ಇರುತ್ತೆ, ಅದರ ಚಿತ್ರ ಹಾಕಿ. ಮೇನ್ ಥ್ರೆಡ್ ಆದ್ರೆ ಸಿಸ್ಟಮ್ ಕೋಡು, ಪರದೆ ಚಿತ್ರಿಸೋದು ಇವುಗಳ ಮೇಲೆ ಅನುಮಾನ. ಜಿಪಿಯು ಆದ್ರೆ ಟೆಕ್ಸ್ಚರ್ 4ಕೆಯಿಂದ 2ಕೆಗೆ ಇಳಿಸಿ ಹೋಲಿಸಿ. ಐದಾರು ಗಂಟೆ ಹಾರೋದಾದ್ರೆ ಅರ್ಧ ಗಂಟೆಗೊಮ್ಮೆ ಟಾಸ್ಕ್ ಮ್ಯಾನೇಜರಲ್ಲಿ ಸಿಮ್‌ನ ಮೆಮೊರಿ ಬರ್ಕೊಳ್ಳಿ. ಕ್ರೂಸ್‌ನಲ್ಲಿ ಏನೂ ಮಾಡದೆ ಏರ್ತಾನೇ ಹೋದ್ರೆ ಲೀಕ್.

ಧಾರವಾಡ_ಡಿಸೆಂಟ್
ಎಕ್ಸ್-ಪ್ಲೇನ್ ಅನ್ನೋ ಇನ್ನೊಂದು ಸಿಮ್ಯುಲೇಟರ್‌ದಾಗ ಇಷ್ಟ ತಾಪತ್ರಯ ಇಲ್ರಿ. ಲಾಗ್ ಫೈಲ್ ಒಂದ ಇರ್ತದ, ಮುಖ್ಯ ಫೋಲ್ಡರ್‌ದಾಗ. ಅದನ್ನ ಕಳಿಸಿದ್ರ ಅರ್ಧ ಕೆಲಸ ಮುಗೀತು.

ಕಾಕ್‌ಪಿಟ್_ಕಿಟ್ಟಿ
ಶುರುವಾಯ್ತು ನೋಡಪ್ಪಾ 😄

ಕರಾವಳಿ_ಕ್ರಾಸ್‌ವಿಂಡ್
ಒಂದು ಬೇಡಿಕೆ ಉಂಟು: ಆಡ್‌ಆನ್‌ನಲ್ಲಿ ಕ್ಯಾಬಿನ್ ಅನೌನ್ಸ್‌ಮೆಂಟ್ ಕನ್ನಡದಲ್ಲಿ ಹಾಕ್ಲಿಕ್ಕೆ ಆಗ್ತದಾ ಕೇಳಿ. ಸೌಂಡ್ ಫೈಲ್ ಬದಲಿಸುವ ವ್ಯವಸ್ಥೆ ಕೊಟ್ರೆ ಸಾಕು, ರೆಕಾರ್ಡ್ ನಾವೇ ಮಾಡುವ.

ಘಟ್ಟದ_ಮೋಡ
ಅದು ಬಗ್ ಟ್ರ್ಯಾಕರ್‌ಗೆ ಅಲ್ಲ ಮಾರಾಯ, ಫೀಚರ್ ರಿಕ್ವೆಸ್ಟ್‌ಗೆ. ಬೇರೆ ಟಿಕೆಟ್ ಹಾಕಿ.

ಅದರ ಜೊತೆಗೇ ತೀವ್ರತೆ ಬಗ್ಗೆ ಹೇಳ್ಬಿಡ್ತೀನಿ. ಕ್ರಿಟಿಕಲ್ ಅಂದ್ರೆ ಕ್ರ್ಯಾಶ್, ಇಲ್ಲಾ ಹಾರಾಟ ಮುಗಿಸೋಕೇ ಆಗದ ದೋಷ. ಮೇಜರ್ ಅಂದ್ರೆ ಸಿಸ್ಟಮ್ ತಪ್ಪು, ಆದ್ರೆ ಸುತ್ತು ದಾರಿ ಇದೆ. ನಾಬ್ ಮೇಲಿನ ಗೀಚು, ಓವರ್‌ಹೆಡ್‌ನಲ್ಲಿ ಒಂದು ಅಕ್ಷರ ಓರೆ, ಇವೆಲ್ಲ ಕಾಸ್ಮೆಟಿಕ್. ಎಲ್ಲದಕ್ಕೂ ಕ್ರಿಟಿಕಲ್ ಹಾಕೋರ ಟಿಕೆಟ್ಟನ್ನ ಎರಡನೇ ವಾರದಿಂದ ಯಾರೂ ಮೊದಲು ತೆರೆಯಲ್ಲ.

ಟೇಲ್‌ವಿಂಡ್_ತಿಪ್ಪೇಶಿ
ಇಷ್ಟೆಲ್ಲಾ ಬಿಟ್ಟಿ ಕೆಲಸ ಯಾಕ್ರೀ ಮಾಡ್ಬೇಕು? ಬೀಟಾ ಅಂತ ಹೇಳಿ ನಮ್ಮ ಕೈಲಿ ಕೂಲಿ ಮಾಡಿಸ್ತಾರೆ, ಕೊನೆಗೆ ಅದನ್ನೇ ದುಡ್ಡಿಗೆ ಮಾರ್ತಾರೆ.

ಮ್ಯಾಕ್_ಪಾಯಿಂಟ್78
ಇಷ್ಟ ಇಲ್ದೋರು ಸೇರಬೇಕಾಗಿಲ್ಲ. ಆದ್ರೆ ದುಡ್ಡು ಇಸ್ಕೊಂಡು “ಅರ್ಲಿ ಆಕ್ಸೆಸ್” ಅಂತ ಅರ್ಧಂಬರ್ಧ ಕೊಡೋದಕ್ಕೂ ಕ್ಲೋಸ್ಡ್ ಬೀಟಾಗೂ ವ್ಯತ್ಯಾಸ ಇದೆ. ಮೊದಲನೇದರಲ್ಲಿ ನೀವು ಗಿರಾಕಿ, ತಕರಾರು ಮಾಡೋ ಹಕ್ಕಿದೆ.

ಎನ್‌2_ಇಪ್ಪತ್ತೈದು
ಬಿಟ್ಟಿ ಅನ್ನೋದೇ ಬೇಜಾರಾದ್ರೆ ಫ್ಲೈಬೈವೈರ್ ಎ32ಎನ್‌ಎಕ್ಸ್ ಆಡ್‌ಆನ್ ಕಡೆ ಹೋಗಿ. ಅದು ಉಚಿತ, ಸೋರ್ಸ್ ಕೋಡ್ ತೆರೆದೇ ಇದೆ. ಸ್ಟೇಬಲ್ ಬಿಟ್ಟು ಡೆವಲಪ್‌ಮೆಂಟ್ ಆವೃತ್ತಿ ಹಾಕ್ಕೊಂಡು ಗಿಟ್‌ಹಬ್‌ನಲ್ಲಿ ಇಶ್ಯೂ ಬರೀಬಹುದು. ಕರಾರು ಗಿರಾರು ಏನಿಲ್ಲ, ಬೇರೆಯವರ ಒಳ್ಳೇ ರಿಪೋರ್ಟ್ ಹೇಗಿರುತ್ತೆ ಅಂತಲೂ ಓದಬಹುದು. ಹೊಸಬರಿಗೆ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ.

ಟೇಲ್‌ವಿಂಡ್_ತಿಪ್ಪೇಶಿ
ಅದು ಏರ್‌ಬಸ್.

ಎನ್‌2_ಇಪ್ಪತ್ತೈದು
ರಿಪೋರ್ಟ್ ಬರೆಯೋ ರೀತಿಗೆ ಏರ್‌ಬಸ್ಸೇನು ಬೋಯಿಂಗೇನು ತಿಪ್ಪೇಶಿ.

ಧಾರವಾಡ_ಡಿಸೆಂಟ್
ಫ್ಲೈಟ್ ಮಾಡೆಲ್ ಬಗ್ಗೆ ಒಂದ ಬಿಟ್ಟೋಗೇದ. “ಭಾರ ಅನಸ್ತದ, ಹಗುರ ಅನಸ್ತದ” ಅಂತ ಬರದ್ರ ಉಪಯೋಗಿಲ್ಲ. 737ಕ್ಕ ಏರ್‌ಸ್ಪೀಡ್ ಅನ್‌ರಿಲಯಬಲ್ (ವೇಗದ ಓದು ನಂಬಲಿಕ್ಕೆ ಬರದಾಗ) ಅನ್ನೋ ಚೆಕ್‌ಲಿಸ್ಟಿನ ಬಾಯಿಪಾಠದ ಅಂಕಿ ಅದಾವ: ಫ್ಲ್ಯಾಪ್ ಇಳಿಸಿದ್ರ ಪಿಚ್ (ಮೂಗು ಎತ್ತಿದ ಕೋನ) 10 ಡಿಗ್ರಿ, ಎನ್‌1 (ಎಂಜಿನ್ ಫ್ಯಾನ್ ವೇಗ) 80 ಪರ್ಸೆಂಟ್. ಫ್ಲ್ಯಾಪ್ ಮ್ಯಾಲಿದ್ರ 4 ಡಿಗ್ರಿ, 75 ಪರ್ಸೆಂಟ್. ಆಟೋಪೈಲಟ್ ಆಫ್, ಆಟೋಥ್ರಾಟಲ್ ಆಫ್ ಮಾಡಿ ಇವನ್ನ ಹಿಡೀರಿ. ವಿಮಾನ ಸುರಕ್ಷಿತ ವೇಗದಾಗ ಉಳೀಬೇಕು. ಸ್ಟಾಲ್ ಕಡೆ ಹೊಂಟ್ರ ಅಥವಾ ಓವರ್‌ಸ್ಪೀಡ್ ಹೊಡದ್ರ ಡ್ರ್ಯಾಗ್ ಇಲ್ಲಾ ಥ್ರಸ್ಟ್ ತಪ್ಪೇದ. ಹಗುರ ತೂಕ, ಭಾರ ತೂಕ ಎರಡರಾಗೂ ಮಾಡ್ರಿ, ವೇಗ ಬರದು ಕಳಸ್ರಿ.

ಕಾಕ್‌ಪಿಟ್_ಕಿಟ್ಟಿ
ರೊಟೇಶನ್ (ಟೇಕಾಫ್‌ನಲ್ಲಿ ಮೂಗು ಎತ್ತೋದು) ಕೂಡ ಸೇರಿಸಿ. ಸೆಕೆಂಡಿಗೆ 2–3 ಡಿಗ್ರಿಯಂತೆ ಎತ್ತಿ. -800ರ ಬಾಲ ನೆಲಕ್ಕೆ ತಾಗೋದು 11 ಡಿಗ್ರಿಗೆ. ಬೇಕಂತಲೇ ಬೇಗ ಎಳೆದು 12ಕ್ಕೆ ಒಯ್ದಾಗ ಬಾಲ ನೆಲದೊಳಗೆ ತೂರಿ ಹೋದ್ರೆ ಕಾಂಟ್ಯಾಕ್ಟ್ ಪಾಯಿಂಟ್ ಹಾಕಿಲ್ಲ ಅಂತ.

ಫ್ಲಾಪ್ಸ್_ಹದಿನೈದು
ಎಲ್ಲರಿಗೂ ಥ್ಯಾಂಕ್ಸ್. ಮುಚ್ಚಿಹೋದ ವಿನ್ಯಾವ್ ಟಿಕೆಟ್ಟನ್ನ ಮತ್ತೆ ತೆಗೆಸಬಹುದಾ, ಹೊಸದು ಹಾಕಬೇಕಾ?

ರಾತ್ರಿಪಾಳಿ_ಡೆವ್
ಅದೇ ಬಿಲ್ಡ್ ಆಗಿದ್ರೆ ಹಳೇದರ ಕೆಳಗೇ ಹಂತಗಳನ್ನ ಬರೆದು ಮರು ತೆರೆಯೋಕೆ ಕೇಳಿ. ಬಿಲ್ಡ್ ಬದಲಾಗಿದ್ರೆ ಮೊದಲು ಹೊಸದರಲ್ಲಿ ಮಾಡಿ ನೋಡಿ, ಇನ್ನೂ ಇದ್ರೆ ಹೊಸ ಟಿಕೆಟ್ ಹಾಕಿ ಹಳೇದರ ಸಂಖ್ಯೆ ಕೊಡಿ. ಚೇಂಜ್‌ಲಾಗ್‌ನಲ್ಲಿ “ಸರಿಪಡಿಸಿದೆ” ಅಂತ ಬಂದಿದ್ದನ್ನೂ ಪ್ರತಿ ಬಿಲ್ಡ್‌ನಲ್ಲಿ ಒಂದು ಸಲ ಮುಟ್ಟಿ ನೋಡಿ. ವಿನ್ಯಾವ್ ಸರಿಮಾಡೋಕೆ ಹೋಗಿ ಹೋಲ್ಡ್ (ಒಂದು ಪಾಯಿಂಟಿನ ಬಳಿ ಸುತ್ತು ಹೊಡೀತಾ ಕಾಯೋದು) ಕೆಡಿಸಿರ್ತಾರೆ.

ಹೊಸಬ_ರನ್‌ವೇ09
ಹೋಲ್ಡ್ ಪರೀಕ್ಷೆ ಹೇಗೆ?

ಘಟ್ಟದ_ಮೋಡ
ಮೂರು ದಿಕ್ಕಿಂದ ಬನ್ನಿ: ಡೈರೆಕ್ಟ್, ಟಿಯರ್‌ಡ್ರಾಪ್, ಪ್ಯಾರಲಲ್ ಮೂರೂ ಎಂಟ್ರಿ ಸಿಗಬೇಕು. 14,000 ಅಡಿವರೆಗೆ ಇನ್‌ಬೌಂಡ್ ಲೆಗ್ 1 ನಿಮಿಷ, ಅದಕ್ಕಿಂತ ಮೇಲೆ ಒಂದೂವರೆ. ಎಡ ತಿರುವಿನ ಹೋಲ್ಡ್ ಮರೀಬೇಡಿ. ಅಡ್ಡ ಗಾಳಿ 40 ನಾಟ್ ಇಟ್ಟು ಇನ್ನೊಂದು ಸಲ. ಆಮೇಲೆ ಎಕ್ಸಿಟ್ ಹೋಲ್ಡ್ ಒತ್ತಿ: ಪಾಯಿಂಟಿಗೆ ವಾಪಸ್ ಬಂದು ಮುಂದಿನ ಲೆಗ್ ಹಿಡೀಬೇಕು, ಇನ್ನೊಂದು ಸುತ್ತು ಹೊಡೀಬಾರದು.

ನಿರ್ವಾಹಕ
ಬೀಟಾದ ಕಾಕ್‌ಪಿಟ್ ಚಿತ್ರ ಒಂದನ್ನ ಒಬ್ಬರು ಇಲ್ಲಿ ಹಾಕಿದ್ದರು, ತೆಗೆದಿದ್ದೇನೆ. ಕೆಲವು ಬೀಟಾ ಪ್ರತಿಗಳಲ್ಲಿ ಪ್ರತಿ ಟೆಸ್ಟರ್‌ಗೆ ಬೇರೆ ಬೇರೆ ಗುರುತು ಅಡಗಿಸಿಟ್ಟಿರ್ತಾರೆ. ಚಿತ್ರಗಳು ಅವರ ಟ್ರ್ಯಾಕರ್‌ನಲ್ಲೇ ಇರಲಿ.